ಆರು ಪದರಗಳ ಒಂದು ಸಾಲು: ಇರಿಡಿಯಂ ಬೆಳಕಿಗೊಂದು ವ್ಯಾಖ್ಯಾನ

ಓಎಲ್‌ಇಡಿ ಪರದೆ, ಓಎಲ್‌ಇಡಿ ದೀಪಗಳನ್ನು ಕುರಿತ ಯಾವ ಸಂಶೋಧನಾ ಲೇಖನವನ್ನು ತೆರೆದರೂ ನಡುವಿನಲ್ಲೆಲ್ಲೋ ಒಂದು ಸಾಲು ಸಿಗುತ್ತದೆ. ಒಂದಷ್ಟು ಅಕ್ಷರ, ಒಂದಷ್ಟು ಅಂಕಿ, ನಡುನಡುವೆ ಓರೆಗೆರೆ. ಕರ್ತೃವಿಲ್ಲ, ಕ್ರಿಯಾಪದವಿಲ್ಲ. ಗಾಜಿನ ಮೇಲೆ ಯಾವುದಾದ ಮೇಲೆ ಯಾವುದನ್ನು, ಎಷ್ಟು ದಪ್ಪಕ್ಕೆ ಕೂರಿಸಿದರು ಎಂಬುದನ್ನು ಎಡದಿಂದ ಬಲಕ್ಕೆ ಹೇಳಿ ಮುಗಿಸುವ ಸಾಲು ಅದು. ಈ ವಿದ್ಯೆಯಲ್ಲಿ ಪಳಗಿದವರು ಮೊದಲು ಕಣ್ಣಾಡಿಸುವುದು ಅದರ ಮೇಲೇ.

ಅಂಥದೊಂದು ಸಾಲನ್ನು ಇಲ್ಲಿ ಬಿಡಿಸಿ ಓದುವುದು ನನ್ನ ಉದ್ದೇಶ. ಆರಿಸಿಕೊಂಡಿರುವುದು 1999ರಲ್ಲಿ ‘ಅಪ್ಲೈಡ್ ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ವರದಿಯಾದ ಹಸಿರು ಬೆಳಕಿನ ಸಾಧನ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾರ್ಕ್ ಬಾಲ್ಡೊ, ಸ್ಟೀಫನ್ ಫಾರೆಸ್ಟ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಕ್ ಥಾಂಪ್ಸನ್ ಅವರ ಬಳಗ ಮಾಡಿದ್ದು. ಇವತ್ತು ಕಿಸೆಯಲ್ಲಿರುವ ಓಎಲ್‌ಇಡಿ ಫೋನುಗಳ ಹಸಿರು ಚುಕ್ಕಿಗಳಿಗೆ ಮೂಲಪುರುಷ ಇದೇ. ಓದುವ ಅನುಕೂಲಕ್ಕೆ ಪದರಕ್ಕೊಂದರಂತೆ ಒಡೆದು ಬರೆದಿದ್ದೇನೆ.

ಮೂಲ:

ಗಾಜು, ಐಟಿಒ /
ಆಲ್ಫಾ-ಎನ್‌ಪಿಡಿ, 40 ನ್ಯಾನೊಮೀಟರ್ /
ಸಿಬಿಪಿ : ಐಆರ್(ಪಿಪಿವೈ)3, ಶೇ. 6, 20 ನ್ಯಾನೊಮೀಟರ್ /
ಬಿಸಿಪಿ, 6 ನ್ಯಾನೊಮೀಟರ್ /
ಎಎಲ್‌ಕ್ಯೂ3, 20 ನ್ಯಾನೊಮೀಟರ್ /
ಮೆಗ್ನೀಸಿಯಂ : ಬೆಳ್ಳಿ, 25 : 1, 100 ನ್ಯಾನೊಮೀಟರ್

ಗಾಜು, ಐಟಿಒ

ಐಟಿಒ ಎಂದರೆ ಇಂಡಿಯಂ ಮತ್ತು ತವರದ ಆಕ್ಸೈಡು. ಲೋಹವನ್ನು ಹಚ್ಚಿದರೆ ಬೆಳಕು ಹೊರಗೆ ಬಾರದು, ಬರಿಯ ಗಾಜನ್ನಿಟ್ಟರೆ ವಿದ್ಯುತ್ ಹರಿಯದು. ಈ ಆಕ್ಸೈಡು ಎರಡಕ್ಕೂ ದಾರಿ ಕೊಡುತ್ತದೆ. ಎಲ್‌ಸಿಡಿ ಪರದೆಯಿಂದ ಹಿಡಿದು ಟಚ್‌ಸ್ಕ್ರೀನ್‌ವರೆಗೆ ಎಲ್ಲ ಕಡೆ ಇದನ್ನೇ ಬಳಸುವುದು ಆ ಕಾರಣಕ್ಕೆ.

ನಮ್ಮ ಸಾಲಿನಲ್ಲಿ ಇದು ಆನೋಡ್. ಬ್ಯಾಟರಿಯ ಧನ ತುದಿ ಇದಕ್ಕೆ ತಗಲುತ್ತದೆ. ಇದು ಪಕ್ಕದ ಪದರದ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಕಿತ್ತ ಜಾಗದಲ್ಲಿ ಉಳಿಯುವ ತೆರಪಿಗೆ ರಂಧ್ರ ಎನ್ನುತ್ತಾರೆ. ನೆರೆಯ ಅಣುವಿನ ಎಲೆಕ್ಟ್ರಾನ್ ಬಂದು ಆ ತೆರಪನ್ನು ತುಂಬಿದರೆ ತೆರಪು ನೆರೆಯ ಅಣುವಿಗೆ ಸರಿದಂತಾಯಿತು. ಹೀಗೆ ಅಣುವಿನಿಂದ ಅಣುವಿಗೆ ಧನಾವೇಶ ಒಳಗೆ ಸಾಗುತ್ತದೆ.

ಈ ಪದರದ ಮೇಲ್ಮೈ ಅತ್ಯಂತ ನುಣುಪಾಗಿರಬೇಕು. ಏಕೆಂದರೆ ಇದರ ಮೇಲೆ ಬರುವ ನಾಲ್ಕು ಸಾವಯವ ಪದರಗಳ ದಪ್ಪವನ್ನೆಲ್ಲ ಕೂಡಿದರೂ 86 ನ್ಯಾನೊಮೀಟರ್. ನೂರು ನ್ಯಾನೊಮೀಟರ್ ಎತ್ತರದ ಒಂದು ಧೂಳಿನ ಕಣ ಕೂತರೂ ಮೇಲಿನ ಲೋಹ ಕೆಳಗಿನ ಐಟಿಒಗೆ ತಾಗಿ ಶಾರ್ಟ್ ಆಗುತ್ತದೆ.

ಆಲ್ಫಾ-ಎನ್‌ಪಿಡಿ, 40 ನ್ಯಾನೊಮೀಟರ್

ನೈಟ್ರೊಜನ್ನಿನ ಸುತ್ತ ಬೆಂಜೀನು, ನ್ಯಾಫ್ತಲೀನು ಬಳೆಗಳನ್ನು ಕೂರಿಸಿದ ಅಮೈನ್ ಇದು. ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವ ಸ್ವಭಾವ, ಆದ್ದರಿಂದ ರಂಧ್ರಗಳನ್ನು ಸಲೀಸಾಗಿ ಸಾಗಿಸುತ್ತದೆ. ಈ ಅಮೈನ್ ಕುಟುಂಬ ಮೊದಲು ಹೆಸರು ಮಾಡಿದ್ದು ಜೆರಾಕ್ಸ್ ಯಂತ್ರದ ಡ್ರಮ್ಮಿನಲ್ಲಿ; ಅಲ್ಲಿಂದ ಪರದೆಗೆ ಬಂತು. ಇಲ್ಲಿ ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಸಿಬಿಪಿ : ಐಆರ್(ಪಿಪಿವೈ)3, ಶೇ. 6, 20 ನ್ಯಾನೊಮೀಟರ್

ಇಡೀ ಸಾಲಿನ ಜೀವ ಇಲ್ಲಿದೆ. ಪದಪದವಾಗಿ ನೋಡಬೇಕು.

*‘ಸಿಬಿಪಿ’.* ಎರಡು ಕಾರ್ಬಜೋಲ್ ಗುಂಪುಗಳನ್ನು ಬೈಫಿನೈಲ್ ಸೇತುವೆಯಿಂದ ಜೋಡಿಸಿದ ಅಣು. ಪದರದ ನೂರರಲ್ಲಿ ತೊಂಬತ್ತನಾಲ್ಕು ಪಾಲು ಇದೇ. ಆದರೂ ಹೊರಬರುವ ಬೆಳಕು ಇದರದ್ದಲ್ಲ. ಇದನ್ನು ಆತಿಥೇಯ ಎಂದೂ, ಇದರೊಳಗೆ ಚದುರಿದ ಇರಿಡಿಯಂ ಸಂಯುಕ್ತವನ್ನು ಅತಿಥಿ ಎಂದೂ ಕರೆಯುವುದು ರೂಢಿ. ಆತಿಥೇಯನಿಗೆ ಒಂದು ಕಟ್ಟುಪಾಡಿದೆ: ಅದರ ಟ್ರಿಪ್ಲೆಟ್ ಶಕ್ತಿಮಟ್ಟ ಅತಿಥಿಯದಕ್ಕಿಂತ ಮೇಲಿರಬೇಕು. ಸಿಬಿಪಿಯದು ಸುಮಾರು 2.6 ಎಲೆಕ್ಟ್ರಾನ್‌ವೋಲ್ಟ್, ಹಸಿರು ಇರಿಡಿಯಂ ಸಂಯುಕ್ತದ್ದು ಸುಮಾರು 2.4. ಆದ್ದರಿಂದ ಶಕ್ತಿ ಸಿಬಿಪಿಯಿಂದ ಇರಿಡಿಯಂ ಕಡೆಗೆ ಇಳಿಯುತ್ತದೆ, ತಿರುಗಿ ಹತ್ತುವುದಿಲ್ಲ. ಟ್ರಿಪ್ಲೆಟ್ ಎಂದರೇನು ಎಂಬುದು ಮುಂದೆ ‘ಐಆರ್’ ಪದದ ಟೀಕೆಯಲ್ಲಿ ಬರುತ್ತದೆ.

*‘:’.* ಈ ಎರಡು ಚುಕ್ಕಿಗಳ ಅರ್ಥ ಎರಡೂ ವಸ್ತುಗಳನ್ನು ಏಕಕಾಲಕ್ಕೆ ಆವಿ ಮಾಡಿ ಬೆರೆತಂತೆಯೇ ಕೂರಿಸಿದರು ಎಂದು. ನಿರ್ವಾತ ಕೋಠಿಯಲ್ಲಿ ಎರಡು ಪುಟ್ಟ ಮೂಸೆಗಳನ್ನು ಬೇರೆ ಬೇರೆ ಕಾವಿನಲ್ಲಿಟ್ಟು, ಒಂದರಿಂದ ಏಳುವ ಆವಿ ಇನ್ನೊಂದರದ್ದರ ಸುಮಾರು ಹದಿನಾರನೇ ಒಂದು ಪಾಲು ಬರುವಂತೆ ಹಿಡಿದಿಡಬೇಕು. ಕೂತ ಪದರದ ತೂಕವನ್ನು ಕ್ವಾರ್ಟ್ಸ್ ಹರಳೊಂದು ತನ್ನ ಕಂಪನದ ವೇಗ ಕುಗ್ಗುವುದರಿಂದಲೇ ಅಳೆದು ಹೇಳುತ್ತದೆ. ಓದುವಾಗ ಎರಡು ಚುಕ್ಕಿ. ಮಾಡುವಾಗ ಕೈಹಿಡಿತವನ್ನೆಲ್ಲ ಕೇಳುವ ಕೆಲಸ.

*‘ಐಆರ್’.* ಇರಿಡಿಯಂ, ಆವರ್ತ ಕೋಷ್ಟಕದ 77ನೇ ಧಾತು. ಲಂಡನ್ನಿನಲ್ಲಿ ಸ್ಮಿತ್ಸನ್ ಟೆನೆಂಟ್ 1803ರಲ್ಲಿ ಪ್ಲಾಟಿನಂ ಅದಿರಿನ ಕರಗದ ಗಸಿಯಲ್ಲಿ ಗುರುತಿಸಿದ ಲೋಹ. ಬೆಳಕಿಗೆ ಈ ಭಾರದ ಲೋಹವೇ ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ಕಡೆಯಿಂದ ಬಂದ ರಂಧ್ರವೂ ಇನ್ನೊಂದು ಕಡೆಯಿಂದ ಬಂದ ಎಲೆಕ್ಟ್ರಾನೂ ಒಂದೇ ಅಣುವಿನ ಮೇಲೆ ಸಂಧಿಸಿದಾಗ ಆ ಅಣು ಉದ್ರಿಕ್ತವಾಗುತ್ತದೆ. ಈ ಉದ್ರಿಕ್ತ ಸ್ಥಿತಿಗೆ ಎಕ್ಸಿಟಾನ್ ಎಂದು ಹೆಸರು. ಅಣುವಿನಲ್ಲಿ ಈಗ ಜೊತೆಗಾರನಿಂದ ಬೇರೆಯಾದ ಎರಡು ಎಲೆಕ್ಟ್ರಾನುಗಳಿವೆ, ಎರಡಕ್ಕೂ ಸ್ಪಿನ್ ಇದೆ. ಅವು ಕೂಡಬಹುದಾದ ರೀತಿಗಳು ನಾಲ್ಕು. ಒಂದರಲ್ಲಿ ಸ್ಪಿನ್ನುಗಳು ಪರಸ್ಪರ ರದ್ದಾಗುತ್ತವೆ, ಅದು ಸಿಂಗ್ಲೆಟ್. ಮೂರರಲ್ಲಿ ಒಟ್ಟುಗೂಡುತ್ತವೆ, ಅದು ಟ್ರಿಪ್ಲೆಟ್. ವಿದ್ಯುತ್ತಿನಿಂದ ಉದ್ರೇಕಿಸಿದಾಗ ಯಾವುದಕ್ಕೆ ಯಾವುದು ಜೋಡಿಯಾಗುತ್ತದೆ ಎಂಬುದರ ಮೇಲೆ ನಮ್ಮ ಹಿಡಿತವಿಲ್ಲ. ನೂರು ಎಕ್ಸಿಟಾನುಗಳಲ್ಲಿ ಸುಮಾರು 25 ಸಿಂಗ್ಲೆಟ್, 75 ಟ್ರಿಪ್ಲೆಟ್.

ಸಿಂಗ್ಲೆಟ್ ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಬೆಳಕು ಚೆಲ್ಲಿ ತಣ್ಣಗಾಗುತ್ತದೆ. ಇದು ಪ್ರತಿದೀಪ್ತಿ, ಟ್ಯೂಬ್‌ಲೈಟಿನ ಒಳಬದಿಯ ಲೇಪ ಮಾಡುವಂಥದ್ದು. ಟ್ರಿಪ್ಲೆಟ್ ಹಾಗೆ ಇಳಿಯಲಾರದು. ಇಳಿಯಬೇಕಾದರೆ ಒಂದು ಎಲೆಕ್ಟ್ರಾನಿನ ಸ್ಪಿನ್ ಮಗುಚಬೇಕು, ಬೆಳಕು ತಾನಾಗಿ ಅದನ್ನು ಮಗುಚಲಾರದು. ಇಂಗಾಲ, ಜಲಜನಕ, ಸಾರಜನಕಗಳಷ್ಟೇ ಇರುವ ಅಣುವಿನಲ್ಲಿ ಟ್ರಿಪ್ಲೆಟ್ ಮಿಲಿಸೆಕೆಂಡುಗಟ್ಟಲೆ, ಕೆಲವೊಮ್ಮೆ ಸೆಕೆಂಡುಗಟ್ಟಲೆ ಕಾದು ಕುಳಿತು, ಅಷ್ಟರಲ್ಲಿ ಅಣುವಿನ ಅಲುಗಾಟಕ್ಕೆ ಶಕ್ತಿಯನ್ನೆಲ್ಲ ಸೋತು ಬಿಸಿಯಾಗಿ ಹೋಗುತ್ತದೆ. ನಾಲ್ಕು ಸೇರು ಭತ್ತ ಕುಟ್ಟಿ ಒಂದು ಸೇರು ಅಕ್ಕಿ ಪಡೆದಂಥ ಲೆಕ್ಕ. ಕೊಟ್ಟ ವಿದ್ಯುತ್ತಿನ ಮುಕ್ಕಾಲು ಪಾಲು ಬೆಳಕಾಗುವ ಮೊದಲೇ ನಷ್ಟ.

ಈ ನಷ್ಟವನ್ನು ತುಂಬಿಕೊಡುವುದು ಭಾರದ ಬೀಜಕೇಂದ್ರ. ಬೀಜಕೇಂದ್ರದ ಹತ್ತಿರ ಸುತ್ತುವ ಎಲೆಕ್ಟ್ರಾನಿಗೆ, ತಾನು ನಿಂತು ಆ ಧನಾವೇಶವೇ ತನ್ನ ಸುತ್ತ ತಿರುಗುತ್ತಿರುವಂತೆ ಅನುಭವವಾಗುತ್ತದೆ. ತಿರುಗುವ ಆವೇಶವೆಂದರೆ ವಿದ್ಯುತ್ ಪ್ರವಾಹ, ಪ್ರವಾಹವೆಂದರೆ ಕಾಂತಕ್ಷೇತ್ರ. ಆ ಕ್ಷೇತ್ರ ಎಲೆಕ್ಟ್ರಾನಿನ ಸ್ಪಿನ್ನನ್ನು ಹಿಡಿದು ತಿರುಚುತ್ತದೆ. ಭೌತವಿಜ್ಞಾನಿಗಳು ಇದನ್ನು ಸ್ಪಿನ್-ಆರ್ಬಿಟ್ ಜೋಡಣೆ ಎನ್ನುತ್ತಾರೆ. ಇಂಗಾಲದ ಬೀಜಕೇಂದ್ರದಲ್ಲಿ ಪ್ರೋಟಾನುಗಳು ಆರು, ಇರಿಡಿಯಂನಲ್ಲಿ ಎಪ್ಪತ್ತೇಳು. ಇರಿಡಿಯಂನ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಅರ್ಧವನ್ನೂ ಮೀರುತ್ತದೆ. ಈ ಜೋಡಣೆಯ ಬಲವನ್ನು ಹೋಲಿಸಿದರೆ ಇರಿಡಿಯಂನದು ಇಂಗಾಲದ್ದಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಅದರ ಪ್ರಭಾವದಲ್ಲಿ ಸಿಂಗ್ಲೆಟ್ಟಿಗೂ ಟ್ರಿಪ್ಲೆಟ್ಟಿಗೂ ನಡುವಿನ ಗೆರೆ ಮಸುಕಾಗುತ್ತದೆ. ಟ್ರಿಪ್ಲೆಟ್ಟಿನಲ್ಲಿ ಸ್ವಲ್ಪ ಸಿಂಗ್ಲೆಟ್ ಗುಣ ಬೆರೆತು, ಅದೂ ಬೆಳಕು ಚೆಲ್ಲಬಲ್ಲದಾಗುತ್ತದೆ. ಹೀಗೆ ಬರುವ ಬೆಳಕು ಸ್ಫುರದೀಪ್ತಿ. ಸಿಂಗ್ಲೆಟ್ಟಾಗಿ ಹುಟ್ಟಿದ ಕಾಲು ಪಾಲೂ ಕಣ್ಣು ಮಿಟುಕಿಸುವುದರೊಳಗೆ ಟ್ರಿಪ್ಲೆಟ್ಟಿಗೆ ಜಾರಿ ಅದೇ ದಾರಿಯಲ್ಲಿ ಹೊರಬೀಳುತ್ತದೆ. ನೂರಕ್ಕೆ ನೂರೂ ಬೆಳಕಾಗುವುದಕ್ಕೆ ಈಗ ತಾತ್ತ್ವಿಕ ಅಡ್ಡಿಯಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಜನಪ್ರಿಯ ಬರಹಗಳಲ್ಲಿ ಇದು ಬಹುಪಾಲು ಬಿಟ್ಟೇ ಹೋಗುತ್ತದೆ, ನನ್ನ ಮಟ್ಟಿಗೆ ಇಡೀ ವಿಷಯದ ತಿರುಳೇ ಇದು. ಭಾರದ ಲೋಹ ಅಣುವಿನಲ್ಲಿ ಇದ್ದರಷ್ಟೇ ಸಾಲದು, ಬೆಳಕು ಹೊಮ್ಮುವ ಕ್ರಿಯೆಯಲ್ಲಿ ಅದು ತಾನೂ ಪಾಲುಗೊಳ್ಳಬೇಕು. ಇದೇ ಬಳಗ ಒಂದು ವರ್ಷ ಮೊದಲು, 1998ರಲ್ಲಿ, ‘ನೇಚರ್’ ಪತ್ರಿಕೆಯಲ್ಲಿ ಪ್ಲಾಟಿನಂ ಪಾರ್ಫಿರಿನ್ ಸಂಯುಕ್ತವೊಂದರಿಂದ ಕೆಂಪು ಬೆಳಕು ಪಡೆದದ್ದನ್ನು ವರದಿ ಮಾಡಿತ್ತು. ಪ್ಲಾಟಿನಂ 78ನೇ ಧಾತು, ಇರಿಡಿಯಂಗಿಂತ ಒಂದು ಹೆಜ್ಜೆ ಭಾರ. ಆದರೂ ಆ ಸಂಯುಕ್ತದಲ್ಲಿ ಟ್ರಿಪ್ಲೆಟ್ ಬೆಳಕಾಗಲು ಹತ್ತಿರ ಹತ್ತಿರ ನೂರು ಮೈಕ್ರೊಸೆಕೆಂಡ್ ಹಿಡಿಯುತ್ತಿತ್ತು. ಅಲ್ಲಿ ಉದ್ರೇಕವೆಲ್ಲ ಪಾರ್ಫಿರಿನ್ ಬಳೆಯಲ್ಲೇ ನಡೆಯುತ್ತದೆ, ನಡುವೆ ಕೂತ ಪ್ಲಾಟಿನಂ ಹೊರಗಿನಿಂದ ಪ್ರಭಾವ ಬೀರುತ್ತದೆ ಅಷ್ಟೆ. ನಮ್ಮ ಇರಿಡಿಯಂ ಸಂಯುಕ್ತದಲ್ಲಿ ಎಲೆಕ್ಟ್ರಾನ್ ಹೊರಡುವುದೇ ಲೋಹದ ಕಕ್ಷೆಯಿಂದ. ಹೋಗಿ ಸೇರುವುದು ಸುತ್ತಲಿನ ಸಾವಯವ ಗುಂಪನ್ನು. ಲೋಹ ವಹಿವಾಟಿನ ಒಳಗಿದೆ. ಆದ್ದರಿಂದ ಕಾಲಾವಧಿ ಒಂದು ಮೈಕ್ರೊಸೆಕೆಂಡಿನ ಆಸುಪಾಸಿಗೆ ಇಳಿಯಿತು, ಪ್ಲಾಟಿನಂ ಸಂಯುಕ್ತದ ನೂರನೇ ಒಂದು ಪಾಲು.

ಈ ಅವಧಿಯ ಬೆಲೆ ಏನು? ಎಕ್ಸಿಟಾನ್ ಹೆಚ್ಚು ಹೊತ್ತು ಕಾದಷ್ಟೂ ಇನ್ನೊಂದು ಎಕ್ಸಿಟಾನಿಗೆ ಡಿಕ್ಕಿಯಾಗುವ ಸಂಭವ ಹೆಚ್ಚು. ಡಿಕ್ಕಿಯಾದರೆ ಎರಡರಲ್ಲೊಂದು ನಷ್ಟ. ಪ್ರಕಾಶ ಹೆಚ್ಚಿಸಲೆಂದು ಕರೆಂಟು ಏರಿಸಿದ ಹಾಗೆ ಪ್ಲಾಟಿನಂ ಸಾಧನದ ದಕ್ಷತೆ ಕುಸಿಯುತ್ತ ಹೋಗುತ್ತಿದ್ದುದು ಇದರಿಂದ. ಇರಿಡಿಯಂ ಸಾಧನ ಚದರ ಮೀಟರಿಗೆ ಒಂದು ಲಕ್ಷ ಕ್ಯಾಂಡೆಲಾ ಪ್ರಕಾಶದವರೆಗೂ ಏರಿತು. ಸಾಮಾನ್ಯ ಪರದೆಗೆ ಬೇಕಾದ್ದು ಕೆಲವು ನೂರು.

ಹಾಗಾದರೆ ಅಗ್ಗದ ಕಬ್ಬಿಣ, ಕೋಬಾಲ್ಟುಗಳು ಯಾಕಾಗದು ಎಂದು ಕೇಳಬಹುದು. ಅವುಗಳಲ್ಲಿ ಲೋಹದ ಡಿ-ಕಕ್ಷೆಗಳ ನಡುವಿನ ಶಕ್ತಿಯ ಅಂತರ ಕಡಿಮೆ. ಉದ್ರೇಕ ಹೊರಗೆ ಬೆಳಕಾಗಿ ಬರುವ ಮೊದಲೇ ಆ ಕೆಳಮಟ್ಟಗಳಿಗೆ ಜಾರಿ ಬಿಸಿಯಾಗುತ್ತದೆ. ಇರಿಡಿಯಂನ ಡಿ-ಕಕ್ಷೆಗಳ ಅಂತರ ದೊಡ್ಡದು, ಆ ಜಾರುದಾರಿ ಮೇಲೆಲ್ಲೋ ಇದೆ. ತಾಮ್ರದ ಏಕಸಂಯೋಜಕ ಅಯಾನಿನಲ್ಲಿ ಡಿ-ಕಕ್ಷೆಗಳೆಲ್ಲ ತುಂಬಿರುವುದರಿಂದ ಈ ತೊಂದರೆಯಿಲ್ಲ. ಜರ್ಮನಿಯ ರೇಗನ್ಸ್‌ಬರ್ಗಿನ ಹಾರ್ಟ್‌ಮುಟ್ ಯೆರ್ಸಿನ್ ತಾಮ್ರದ ಸಂಯುಕ್ತಗಳ ಹಿಂದೆ ಬಿದ್ದದ್ದು ಅದಕ್ಕೇ. ಲೋಹವೇ ಬೇಡ, ಸಿಂಗ್ಲೆಟ್-ಟ್ರಿಪ್ಲೆಟ್ ಮಟ್ಟಗಳನ್ನು ಹತ್ತಿರ ತಂದು ಕೋಣೆಯ ಶಾಖದಿಂದಲೇ ಟ್ರಿಪ್ಲೆಟ್ಟನ್ನು ಮೇಲೆತ್ತೋಣ ಎಂಬ ಇನ್ನೊಂದು ದಾರಿಯನ್ನು ಜಪಾನಿನ ಕ್ಯೂಷು ವಿಶ್ವವಿದ್ಯಾಲಯದ ಚಿಹಾಯಾ ಅದಾಚಿ 2012ರಲ್ಲಿ ತೋರಿಸಿದರು. ಎರಡೂ ಗಟ್ಟಿ ದಾರಿಗಳೇ. ಆದರೂ ಹಸಿರು ಮತ್ತು ಕೆಂಪಿನಲ್ಲಿ ಇರಿಡಿಯಂ ಇನ್ನೂ ತನ್ನ ಜಾಗ ಬಿಟ್ಟುಕೊಟ್ಟಿಲ್ಲ.

ಇರಿಡಿಯಂ ಸಿಗುವುದು ಪ್ಲಾಟಿನಂ ಗಣಿಗಾರಿಕೆಯ ಉಪಉತ್ಪನ್ನವಾಗಿ, ಬಹುಪಾಲು ದಕ್ಷಿಣ ಆಫ್ರಿಕದಲ್ಲಿ. ಜಗತ್ತಿಗೆಲ್ಲ ಸೇರಿ ವರ್ಷಕ್ಕೆ ಏಳೆಂಟು ಟನ್ನಿನ ಆಸುಪಾಸು. ನಮ್ಮಲ್ಲೂ ಚನ್ನಗಿರಿ ಸೀಮೆಯ ಹನುಮಲಾಪುರದ ಶಿಲೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳ ಇರವನ್ನು ಭೂವಿಜ್ಞಾನಿಗಳು ದಾಖಲಿಸಿದ್ದಾರೆ.

*‘ಪಿಪಿವೈ’.* ಫಿನೈಲ್‌ಪಿರಿಡಿನ್. ಎರಡು ಷಟ್ಕೋನ ಬಳೆಗಳ ಜೋಡಿ, ಒಂದರಲ್ಲಿ ಆರೂ ಇಂಗಾಲ, ಇನ್ನೊಂದರಲ್ಲಿ ಒಂದು ಸಾರಜನಕ. ಇದು ಇರಿಡಿಯಂ ಅನ್ನು ಎರಡು ಕೈಯಿಂದ ಹಿಡಿಯುತ್ತದೆ: ಒಂದು ಕಡೆ ಸಾರಜನಕದ ಮೂಲಕ, ಇನ್ನೊಂದು ಕಡೆ ನೇರ ಇಂಗಾಲದ ಮೂಲಕ. ಇಂಗಾಲ-ಲೋಹ ಬಂಧ ಬಲವಾದದ್ದು. ಮೇಲೆ ಹೇಳಿದ ಜಾರುದಾರಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುವುದು ಅದೇ.

ಬಣ್ಣ ನಿರ್ಧಾರವಾಗುವುದೂ ಇಲ್ಲಿಯೇ. ಎಲೆಕ್ಟ್ರಾನ್ ಹೊರಡುವ ಜಾಗ ಇರಿಡಿಯಂ ಮತ್ತು ಫಿನೈಲ್ ಬಳೆ, ಸೇರುವ ಜಾಗ ಪಿರಿಡಿನ್ ಬಳೆ. ಈ ಎರಡರ ನಡುವಿನ ಅಂತರವನ್ನು ಹಿಗ್ಗಿಸಿದರೆ ನೀಲಿಯ ಕಡೆಗೆ, ಕುಗ್ಗಿಸಿದರೆ ಕೆಂಪಿನ ಕಡೆಗೆ. ಫಿನೈಲಿಗೆ ಫ್ಲೋರಿನ್ ಅಂಟಿಸಿದರೆ ಹೊರಡುವ ಮಟ್ಟ ಕೆಳಗಿಳಿದು ಬೆಳಕು ಆಕಾಶನೀಲಿಯಾಗುತ್ತದೆ. ಪಿರಿಡಿನ್ನಿಗೆ ಇನ್ನೊಂದು ಬಳೆ ಬೆಸೆದು ಐಸೊಕ್ವಿನೊಲಿನ್ ಮಾಡಿದರೆ ಸೇರುವ ಮಟ್ಟ ಇಳಿದು ಕೆಂಪಾಗುತ್ತದೆ. ಏನೂ ಮಾಡದೆ ಬಿಟ್ಟರೆ 510 ನ್ಯಾನೊಮೀಟರ್ ಸುಮಾರಿನ ಹಸಿರು.

ಕೆಂಪು ಹಸಿರುಗಳು ಇಷ್ಟು ಸುಲಭವಾಗಿ ಒಲಿದರೂ ನೀಲಿ ಒಲಿಯಲಿಲ್ಲ. ಅಚ್ಚ ನೀಲಿ ಬೆಳಕಿನ ಒಂದು ಫೋಟಾನಿಗೆ 2.7 ಎಲೆಕ್ಟ್ರಾನ್‌ವೋಲ್ಟ್ ಬೇಕು. ಅಷ್ಟು ಶಕ್ತಿಯ ಟ್ರಿಪ್ಲೆಟ್ ಒಂದು ಮೈಕ್ರೊಸೆಕೆಂಡು ಕಾದು ಕೂತಾಗ, ಪಕ್ಕದಲ್ಲಿ ಹಾದುಹೋಗುವ ಆವೇಶಕ್ಕೋ ಇನ್ನೊಂದು ಎಕ್ಸಿಟಾನಿಗೋ ತನ್ನ ಶಕ್ತಿ ದಾಟಿಸಿದರೆ ಒಂದೇ ಅಣುವಿನ ಮೇಲೆ ಐದು ಎಲೆಕ್ಟ್ರಾನ್‌ವೋಲ್ಟಿನ ಮೇಲ್ಪಟ್ಟು ಬಂದು ಬೀಳುತ್ತದೆ. ಸಾವಯವ ಅಣುವಿನ ಸಾಮಾನ್ಯ ಏಕಬಂಧಗಳು ಅದಕ್ಕೆ ತಾಳವು. ಅಣು ಮುರಿಯುತ್ತದೆ, ಮುರಿದ ಚೂರು ಉಳಿದವರ ಬೆಳಕನ್ನೂ ನುಂಗುತ್ತದೆ. ಈ ಕಾರಣಕ್ಕೆ ಇಂದಿಗೂ ಬಹುಪಾಲು ಫೋನುಗಳಲ್ಲಿ ಹಸಿರು, ಕೆಂಪು ಚುಕ್ಕಿಗಳು ಲೋಹದ ಸ್ಫುರದೀಪ್ತಿಯವು, ನೀಲಿ ಚುಕ್ಕಿ ಮಾತ್ರ ಲೋಹವಿಲ್ಲದ ಪ್ರತಿದೀಪ್ತಿಯದು. ಫೋನಿನ ಪರದೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ: ಅನೇಕ ಮಾದರಿಗಳಲ್ಲಿ ಹಸಿರು ಚುಕ್ಕಿ ಪುಟ್ಟದು, ನೀಲಿ ದೊಡ್ಡದು. ವಿಸ್ತಾರ ಹೆಚ್ಚಿಸಿ, ಪ್ರತಿ ಅಣುವಿನ ಮೇಲೆ ಬೀಳುವ ಹೊರೆ ತಗ್ಗಿಸಿ ನೀಲಿಯ ಆಯಸ್ಸು ಉಳಿಸಿಕೊಂಡಿದ್ದಾರೆ. ನೀಲಿ ಸ್ಫುರದೀಪ್ತಿಯನ್ನು ಬಳಸಿದ ಪರದೆಯನ್ನು ಕಾರ್ಖಾನೆಯ ಮಟ್ಟದಲ್ಲಿ ಪರೀಕ್ಷಿಸಿ ನೋಡಿದ್ದೇವೆ ಎಂದು ಕೊರಿಯದ ಎಲ್‌ಜಿ ಡಿಸ್‌ಪ್ಲೇ ಪ್ರಕಟಿಸಿದ್ದು 2025ರ ಮೇ ತಿಂಗಳಲ್ಲಿ. ಅದರಲ್ಲೂ ಎರಡು ಅಂತಸ್ತುಗಳಲ್ಲಿ ಕೆಳಗಿನದು ಹಳೆಯ ಪ್ರತಿದೀಪ್ತಿ ನೀಲಿಯೇ. ಹಸಿರಿಗೂ ನೀಲಿಗೂ ನಡುವೆ ಕಾಲು ಶತಮಾನ ಕಳೆದಿದೆ.

*‘3’.* ಮೂರು ಫಿನೈಲ್‌ಪಿರಿಡಿನ್‌ಗಳು, ಒಂದೊಂದಕ್ಕೆ ಎರಡು ಕೈಯಂತೆ ಆರು ಬಂಧ. ಇರಿಡಿಯಂಗೆ ಬೇಕಾದ್ದೂ ಆರೇ. ಹೊರಗಿನಿಂದ ಯಾವ ಋಣಾಯಾನೂ ಬೇಡದೆ ಅಣು ತಟಸ್ಥವಾಗಿ ಮುಗಿಯುತ್ತದೆ. ತಟಸ್ಥ ಅಣುವಾದ್ದರಿಂದಲೇ ನಿರ್ವಾತದಲ್ಲಿ ಕಾಯಿಸಿದಾಗ ಒಡೆಯದೆ ಇಡಿಯಾಗಿ ಆವಿಯಾಗುತ್ತದೆ. ಅಯಾನುಗಳಿಂದಾದ ಲವಣವಾಗಿದ್ದರೆ ಇದು ಸಾಧ್ಯವಿರಲಿಲ್ಲ.

ಮೂರನ್ನು ಜೋಡಿಸುವ ರೀತಿ ಎರಡಿವೆ. ಮೂರೂ ಸಾರಜನಕಗಳು ಒಂದೇ ಮುಖಕ್ಕೆ ಬಂದು, ಪ್ರತಿ ಸಾರಜನಕದ ಎದುರು ಒಂದು ಇಂಗಾಲ ನಿಂತರೆ ಅದು ಫೇಸಿಯಲ್ ರೂಪ. ಎರಡು ಇಂಗಾಲಗಳು ಪರಸ್ಪರ ಎದುರಾಗುವಂತೆ ನಿಂತರೆ ಮೆರಿಡಿಯನಲ್ ರೂಪ. ಎದುರುಬದುರಾದ ಇಂಗಾಲಗಳು ಒಂದರ ಬಂಧವನ್ನು ಇನ್ನೊಂದು ಸಡಿಲಿಸುತ್ತವೆ. ಆದ್ದರಿಂದ ಎರಡನೆಯ ರೂಪ ಕಡಿಮೆ ಸ್ಥಿರ, ಬೆಳಕೂ ಕಡಿಮೆ. ಹೆಚ್ಚು ಕಾವಿನಲ್ಲಿ ಬೇಯಿಸಿದರೆ ಫೇಸಿಯಲ್, ಕಡಿಮೆ ಕಾವಿನಲ್ಲಿ ನಿಲ್ಲಿಸಿದರೆ ಮೆರಿಡಿಯನಲ್. ನಮ್ಮ ಸಾಲಿನದು ಫೇಸಿಯಲ್.

ಈ ಅಣು ಪರದೆಗಾಗಿ ಹುಟ್ಟಿದ್ದಲ್ಲ. 1985ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಕಿಂಗ್, ಸ್ಪೆಲ್ಲೇನ್, ವಾಟ್ಸ್ ಎಂಬ ಮೂವರು ರಸಾಯನವಿಜ್ಞಾನಿಗಳು ಬೇರೊಂದು ಇರಿಡಿಯಂ ಸಂಯುಕ್ತ ತಯಾರಿಸುವಾಗ ಸ್ವಲ್ಪವೇ ಸ್ವಲ್ಪ ಸಿಕ್ಕ ಉಪಉತ್ಪನ್ನ ಇದು. ಹಳದಿ ಪುಡಿ. ಅವರು ಅದನ್ನು ಎಸೆಯದೆ ಬೇರ್ಪಡಿಸಿ, ಅದರ ಹಸಿರು ಹೊಳಪನ್ನು ಅಳೆದು ಬರೆದಿಟ್ಟರು. ಹದಿನಾಲ್ಕು ವರ್ಷ ಆ ಅಳತೆ ಗ್ರಂಥಾಲಯದಲ್ಲಿ ಕಾದಿತ್ತು. ಮಾರುಕಟ್ಟೆಗೆ ಏನುಪಯೋಗ ಎಂದು ಕೇಳಿದ ಮೇಲಷ್ಟೇ ಹಣ ಬಿಡುಗಡೆ ಮಾಡುವ ಇಂದಿನ ಅನುದಾನ ಸಮಿತಿಗಳು ಈ ಸಂಗತಿಯನ್ನು ನೆನಪಿಡಬೇಕೆಂದು ನನಗೆ ತೋರುತ್ತದೆ.

*‘ಶೇ. 6, 20 ನ್ಯಾನೊಮೀಟರ್’.* ಬೆಳಗುವುದು ಇರಿಡಿಯಂ ಆದಮೇಲೆ ನೂರಕ್ಕೆ ನೂರು ಅದನ್ನೇ ತುಂಬಬಾರದೇಕೆ? ತುಂಬಿದರೆ ಬೆಳಕು ಬಹಳ ಕುಸಿಯುತ್ತದೆ. ಈ ಅಣುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರವಿದ್ದರೆ ಉದ್ರೇಕ ಅಣುವಿನಿಂದ ಅಣುವಿಗೆ ದಾಟುತ್ತ ಕೊನೆಗೊಂದು ದೋಷದ ಜಾಗದಲ್ಲಿ ಬಿದ್ದು ಬಿಸಿಯಾಗುತ್ತದೆ. ತೀರಾ ವಿರಳವಾದರೆ ಆತಿಥೇಯನ ಮೇಲೆ ಹುಟ್ಟಿದ ಎಕ್ಸಿಟಾನುಗಳಿಗೆ ಹತ್ತಿರದಲ್ಲಿ ಇರಿಡಿಯಂ ಸಿಗುವುದಿಲ್ಲ. ನೂರಕ್ಕೆ ಆರು ಎಂಬುದು ಬೇರೆ ಬೇರೆ ಪ್ರಮಾಣಗಳನ್ನು ಪ್ರಯೋಗ ಮಾಡಿ ಕಂಡುಕೊಂಡ ಹದ.

ಒಂದು ಲೆಕ್ಕ ಹಾಕೋಣ. ಪದರದ ಸಾಂದ್ರತೆ ನೀರಿಗಿಂತ ತುಸು ಹೆಚ್ಚು, ಘನ ಸೆಂಟಿಮೀಟರಿಗೆ 1.2 ಗ್ರಾಂ ಎಂದಿಟ್ಟುಕೊಳ್ಳಿ. ಅಣುವಿನ ತೂಕ 655, ಅದರಲ್ಲಿ ಇರಿಡಿಯಂ 192. ಆಗ ಒಂದು ಚದರ ಸೆಂಟಿಮೀಟರಿನಲ್ಲಿರುವ ಇರಿಡಿಯಂ ಸುಮಾರು 0.04 ಮೈಕ್ರೊಗ್ರಾಂ. ನೂರು ಚದರ ಸೆಂಟಿಮೀಟರಿನ ಫೋನಿನ ಪರದೆಯನ್ನು ಇಡಿಯಾಗಿ ಇದೇ ಪದರದಿಂದ ಮುಚ್ಚಿದರೂ ನಾಲ್ಕು ಮೈಕ್ರೊಗ್ರಾಂ. ಒಂದು ಗ್ರಾಂ ಇರಿಡಿಯಂ ಎರಡೂವರೆ ಲಕ್ಷ ಪರದೆಗೆ ಸಾಕು. ಆವಿಯ ಬಹುಪಾಲು ಕೋಠಿಯ ಗೋಡೆಗೂ ಮಾಸ್ಕಿಗೂ ಅಂಟಿ ಹೋಗುವುದರಿಂದ ಕಾರ್ಖಾನೆಯಲ್ಲಿ ಖರ್ಚಾಗುವುದು ಇದಕ್ಕಿಂತ ಹೆಚ್ಚು. ಆದರೂ ಇಷ್ಟು ಅಪರೂಪದ ಲೋಹ ಇಷ್ಟು ಜನರ ಕೈಗೆ ತಲುಪಿದ್ದು ಹೇಗೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ಬಿಸಿಪಿ, 6 ನ್ಯಾನೊಮೀಟರ್

ಬ್ಯಾಥೊಕ್ಯುಪ್ರೊಯಿನ್. ಸಾಲಿನಲ್ಲಿ ಅತಿ ತೆಳ್ಳಗಿನ ಪದರ, ಆದರೆ ಇದಿಲ್ಲದಿದ್ದರೆ ಹಿಂದಿನ ಪದರದ ಶ್ರಮವೆಲ್ಲ ಸೋರಿಹೋಗುತ್ತದೆ. ಟ್ರಿಪ್ಲೆಟ್ಟುಗಳು ದೀರ್ಘಾಯುಗಳಾದ್ದರಿಂದ ದೂರ ಅಲೆಯುತ್ತವೆ. ರಂಧ್ರಗಳೂ ಎಲೆಕ್ಟ್ರಾನ್ ಸಿಗದೆ ಮುಂದಕ್ಕೆ ದಾಟಲು ನೋಡುತ್ತವೆ. ಬಿಸಿಪಿ ರಂಧ್ರಗಳಿಗೂ ಎಕ್ಸಿಟಾನುಗಳಿಗೂ ಎಡೆಕೊಡದು, ಎದುರಿನಿಂದ ಬರುವ ಎಲೆಕ್ಟ್ರಾನುಗಳನ್ನು ಮಾತ್ರ ಬಿಡುತ್ತದೆ. ಹಾಗಾಗಿ ಸಂಧಿಸಬೇಕಾದವರೆಲ್ಲ 20 ನ್ಯಾನೊಮೀಟರಿನ ಆವರಣದೊಳಗೇ ಸಂಧಿಸುತ್ತಾರೆ.

ಇದೂ ವಲಸೆ ಬಂದ ವಸ್ತು. ದ್ರಾವಣದಲ್ಲಿ ತಾಮ್ರ ಎಷ್ಟಿದೆಯೆಂದು ಬಣ್ಣದಿಂದ ಅಳೆಯಲು ರಸಾಯನವಿಜ್ಞಾನಿಗಳು ಬಳಸುತ್ತಿದ್ದ ಕಾರಕ. ದೋಷವೊಂದಿದೆ: ಪದರದಲ್ಲಿ ಬೇಗ ಹರಳುಗಟ್ಟುತ್ತದೆ. ಆಮೇಲಿನ ವರ್ಷಗಳಲ್ಲಿ ಹೆಚ್ಚು ಬಾಳುವ ಬೇರೆ ವಸ್ತುಗಳು ಇದರ ಜಾಗಕ್ಕೆ ಬಂದವು.

ಎಎಲ್‌ಕ್ಯೂ3, 20 ನ್ಯಾನೊಮೀಟರ್

ಅಲ್ಯೂಮಿನಿಯಂನ ಸುತ್ತ ಮೂರು 8-ಹೈಡ್ರಾಕ್ಸಿಕ್ವಿನೊಲಿನ್. ಈ ಪದದ ಮೇಲೆ ಓದುಗ ನಿಂತು ಹೋಗಬೇಕು. ಯಾಕೆಂದರೆ ಓಎಲ್‌ಇಡಿಯ ಕಥೆ ಶುರುವಾದದ್ದೇ ಇದರಿಂದ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿರುವ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್‌ಸ್ಲೈಕ್ 1987ರಲ್ಲಿ ಎರಡೇ ಸಾವಯವ ಪದರಗಳ ಸಾಧನವನ್ನು 10 ವೋಲ್ಟಿಗಿಂತ ಕಡಿಮೆಯಲ್ಲಿ ಬೆಳಗಿಸಿದರು. ಅದರಲ್ಲಿ ಹಸಿರಾಗಿ ಬೆಳಗಿದ್ದು ಇದೇ ಎಎಲ್‌ಕ್ಯೂ3. ಅಂದು ಹೊರಬಂದ ಬೆಳಕಿನ ದಕ್ಷತೆ ಶೇ. 1.

ಹನ್ನೆರಡು ವರ್ಷದ ನಂತರ ಅದೇ ಅಣು ಅದೇ ‘ಅಪ್ಲೈಡ್ ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಎಲೆಕ್ಟ್ರಾನ್ ಹೊರುವ ಕೆಲಸಕ್ಕೆ ಸರಿದಿದೆ. ಒಂದು ಸಾಲಿನಲ್ಲಿ ಎರಡು ಲೋಹ ಸಂಯುಕ್ತಗಳು, ನಡುವೆ ಆರು ನ್ಯಾನೊಮೀಟರ್. ಒಂದು ಬೆಳಗುತ್ತದೆ, ಇನ್ನೊಂದು ಹೊರುತ್ತದೆ. ವ್ಯತ್ಯಾಸಕ್ಕೆ ಕಾರಣ ಮೇಲೆ ಹೇಳಿದ ಸೂಕ್ಷ್ಮವೇ. ಅಲ್ಯೂಮಿನಿಯಂ 13ನೇ ಧಾತು, ಹಗುರ. ಅದು ಮೂರು ಸಾವಯವ ಗುಂಪುಗಳನ್ನು ಬಿಗಿಯಾಗಿ ಹಿಡಿದು ಅಣುವಿಗೆ ಗಟ್ಟಿತನ ಕೊಡುತ್ತದೆ. ಉದ್ರೇಕ, ಬೆಳಕು ಎರಡೂ ಕ್ವಿನೊಲಿನ್ ಬಳೆಗಳದ್ದು, ಅಲ್ಯೂಮಿನಿಯಂ ಅದರಲ್ಲಿ ಭಾಗಿಯಲ್ಲ. ಆದ್ದರಿಂದ ಎಎಲ್‌ಕ್ಯೂ3 ಎಷ್ಟೇ ಶುದ್ಧವಾಗಿದ್ದರೂ ಅದರ ಟ್ರಿಪ್ಲೆಟ್ಟುಗಳು ಕತ್ತಲಲ್ಲೇ ಕರಗುತ್ತವೆ. ಇರಿಡಿಯಂ ಭಾಗಿಯಾಯಿತು, ಅದಕ್ಕೆ ಬೆಳಕಿನ ಪದರ ಸಿಕ್ಕಿತು.

ಮೆಗ್ನೀಸಿಯಂ : ಬೆಳ್ಳಿ, 25 : 1, 100 ನ್ಯಾನೊಮೀಟರ್

ಕ್ಯಾಥೋಡ್. ಮೆಗ್ನೀಸಿಯಂ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಆದರೆ ಸಾವಯವ ಪದರದ ಮೇಲೆ ಸರಿಯಾಗಿ ಅಂಟುವುದಿಲ್ಲ. ಅದನ್ನು ಅಂಟಿಸಲು ಸ್ವಲ್ಪ ಬೆಳ್ಳಿ. ಮೇಲೆ ಗಾಳಿಯಿಂದ ಕಾಪಾಡಲು ಇನ್ನೊಂದು ಬೆಳ್ಳಿಯ ಹೊದಿಕೆಯೂ ಇತ್ತು. ನೀರಾವಿ ಒಂದಿಷ್ಟು ನುಗ್ಗಿದರೂ ಮೆಗ್ನೀಸಿಯಂ ಕೊಳೆತು ಕಪ್ಪು ಚುಕ್ಕೆಗಳೇಳುತ್ತವೆ. ಮಾರಾಟದ ಪರದೆಗಳನ್ನು ಗಾಜಿನಿಂದಲೋ ಹಲವು ಪದರದ ತೆಳುಪೊರೆಯಿಂದಲೋ ಬಿಗಿಯಾಗಿ ಮುಚ್ಚುವುದು ಅದಕ್ಕೆ.

ಫಲ

ಸಾಲು ಇಲ್ಲಿಗೆ ಮುಗಿಯಿತು. ಆದರೆ ವರದಿಗಳಲ್ಲಿ ಇದರ ಕೆಳಗೆ ಫಲವನ್ನೂ ಬರೆಯುತ್ತಾರೆ: ಗರಿಷ್ಠ ಬಾಹ್ಯ ಕ್ವಾಂಟಂ ದಕ್ಷತೆ ಶೇ. 8.0, ವ್ಯಾಟಿಗೆ 31 ಲ್ಯೂಮೆನ್; ಚದರ ಮೀಟರಿಗೆ 100 ಕ್ಯಾಂಡೆಲಾ ಪ್ರಕಾಶಕ್ಕೆ 4.3 ವೋಲ್ಟ್.

ನಾಲ್ಕು ವೋಲ್ಟು ಸಣ್ಣದೆನಿಸಬಹುದು. 86 ನ್ಯಾನೊಮೀಟರಿಗೆ ಅದನ್ನು ಹಂಚಿ, ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಐದು ಲಕ್ಷ ವೋಲ್ಟ್.

ಶೇ. 8 ಎಂಬುದನ್ನೂ ಬಿಡಿಸಬೇಕು. ಒಳಗೆ ಹುಟ್ಟಿದ ಬೆಳಕೆಲ್ಲ ಹೊರಗೆ ಬರುವುದಿಲ್ಲ. ಸಾವಯವ ಪದರ, ಗಾಜು, ಗಾಳಿ ಇವುಗಳ ವಕ್ರೀಭವನಾಂಕ ಬೇರೆಬೇರೆಯಾದ್ದರಿಂದ ಓರೆಯಾಗಿ ಹೊರಟ ಬೆಳಕು ಒಳಕ್ಕೇ ಪ್ರತಿಫಲಿಸಿ ಸಿಕ್ಕಿಬೀಳುತ್ತದೆ. ಸರಳ ಸಾಧನದಲ್ಲಿ ಪಾರಾಗುವುದು ಐದನೇ ಒಂದು ಪಾಲಿನಷ್ಟು. ಹೊರಗೆ 8 ಬಂದಿದೆ ಎಂದರೆ ಒಳಗೆ ಸುಮಾರು 40 ಹುಟ್ಟಿದೆ. ಪ್ರತಿದೀಪ್ತಿಗೆ 25ರ ಗಡಿ ಇತ್ತಷ್ಟೆ. ಆ ಗಡಿಯನ್ನು ಈ ಸಾಧನ ದಾಟಿತು. ಎರಡು ವರ್ಷದ ನಂತರ, 2001ರಲ್ಲಿ, ಅದಾಚಿ ಸೇರಿದ್ದ ಇದೇ ಬಳಗ ಇರಿಡಿಯಂನ ಇನ್ನೊಂದು ಸಂಯುಕ್ತದಿಂದ ಹೊರಗೆ ಶೇ. 19 ಪಡೆಯಿತು, ಒಳಗೆ ಹೆಚ್ಚುಕಮ್ಮಿ ಪೂರ್ತಿ.

ಕೊನೆಯದಾಗಿ ನಮ್ಮ ಕಾಲೇಜುಗಳ ರಸಾಯನವಿಜ್ಞಾನದ ಮೇಷ್ಟ್ರುಗಳಲ್ಲಿ ಒಂದು ಅರಿಕೆ. ಅಲ್ಯೂಮಿನಿಯಂ ಪ್ರಮಾಣ ಕಂಡುಹಿಡಿಯಲು ಆಕ್ಸಿನ್ ಹಾಕಿ ತಳಕ್ಕಿಳಿಸಿ, ಸೋಸಿ, ಒಣಗಿಸಿ ತೂಗುವ ಹಳದಿ ಪ್ರಕ್ಷೇಪ ನಿಮಗೆಲ್ಲ ಪರಿಚಿತ. ಆಕ್ಸಿನ್ ಎಂದರೆ 8-ಹೈಡ್ರಾಕ್ಸಿಕ್ವಿನೊಲಿನ್ನೇ, ಆ ಪ್ರಕ್ಷೇಪ ಎಎಲ್‌ಕ್ಯೂ3ಯೇ. ತೂಕ ಬರೆದುಕೊಂಡು ತೊಳೆದು ಹಾಕುವ ಮೊದಲು ದೀಪ ಆರಿಸಿ, ಟಿಎಲ್‌ಸಿ ತಟ್ಟೆ ನೋಡಲು ಇಟ್ಟಿರುವ 365 ನ್ಯಾನೊಮೀಟರಿನ ಯುವಿ ದೀಪದಡಿ ಅದನ್ನು ವಿದ್ಯಾರ್ಥಿಗಳಿಗೆ ಒಮ್ಮೆ ತೋರಿಸಿ. 1987ರಲ್ಲಿ ರಾಚೆಸ್ಟರಿನಲ್ಲಿ ಬೆಳಗಿದ ಹಸಿರು ಯಾವುದೆಂದು ಅವರಿಗೆ ಬೇರೆ ಹೇಳಬೇಕಾಗುವುದಿಲ್ಲ.